ಭರವಸೆ ಮತ್ತು ನಿರೀಕ್ಷೆ



ನಮ್ಮ ರಾಜ್ಯದ ವಿಧಾನಮಂಡಲದಲ್ಲಿರುವ ಹಲವು ಸಮಿತಿಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದೂ ಒಂದು. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆದಿದೆಯೇ ಇಲ್ಲವೇ ಎಂದು ಪರಿಶೀಲಿಸುವುದು ಅದರ ಕೆಲಸ. ಭರವಸೆ ಕೊಟ್ಟವರ ಬೆನ್ನ ಹಿಂದೆ ಒಬ್ಬ ಲೆಕ್ಕಿಗನನ್ನು ನಿಲ್ಲಿಸಬೇಕೆಂದು ಶಾಸನಕರ್ತರಿಗೇ ತೋರಿದ್ದು ಅವರ ಪ್ರಾಮಾಣಿಕತೆಯ ಗುರುತೆಂದು ನಾನು ಭಾವಿಸುತ್ತೇನೆ. ನಗೆಯಾಡಲೆಂದು ಈ ಮಾತನ್ನು ಎತ್ತಿದ್ದಲ್ಲ. ಕನ್ನಡದಲ್ಲಿ ಭರವಸೆ ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ಒಬ್ಬನು ಕೊಡುವುದೂ ಭರವಸೆಯೇ, ಇನ್ನೊಬ್ಬನು ಇಡುವುದೂ ಭರವಸೆಯೇ. ಬೈಬಲನ್ನು ಕನ್ನಡಕ್ಕೆ ತಂದವರು ಈ ಶಬ್ದದ ಬಳಿ ಸ್ವಲ್ಪ ತಡೆದು ನಿಂತಿರಬೇಕು. ಅಪೊಸ್ತಲನಾದ ಪೌಲನು ನಂಬಿಕೆ, ಪ್ರೀತಿಗಳ ಜೊತೆಯಲ್ಲಿ ಹೇಳುವ ಮತ್ತೊಂದು ಗುಣಕ್ಕೆ ಅವರು ಆರಿಸಿಕೊಂಡ ಶಬ್ದ ನಿರೀಕ್ಷೆ. ನಿರೀಕ್ಷೆಯೆಂದರೆ ದಾರಿ ನೋಡುತ್ತ ಕಾದಿರುವುದು. ನಮ್ಮ ಮನೆಮಾತಾದ ಕೊಂಕಣಿಯ ಪ್ರಾರ್ಥನೆಗಳಲ್ಲಾದರೋ ಅದು ಭರ್ವಸೊ ಆಗಿಯೇ ಉಳಿದಿದೆ. ಶಾಲೆಯಲ್ಲಿ ಕನ್ನಡ ಕಲಿಸುತ್ತ, ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುತ್ತ ಬಾಳಿದ ನನಗೆ ಈ ಎರಡು ಶಬ್ದಗಳ ಅಂತರವೇ ಇಂದಿನ ವಿಷಯ.

ರಾಜಕಾರಣವನ್ನು ಹಳಿಯುವುದು ನಮ್ಮಲ್ಲಿ ಖರ್ಚಿಲ್ಲದ ವ್ಯಸನವಾಗಿದೆ. ಉತ್ತರ ಕನ್ನಡದವನಾಗಿ ನಾನು ಆ ಗುಂಪಿಗೆ ಸೇರಲಾರೆ. ಗೇಣಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಅಕ್ಕಿ ಉಳಿಯದ ಒಕ್ಕಲುಗಳನ್ನು ಈ ಜಿಲ್ಲೆ ತಲೆಮಾರುಗಳ ಕಾಲ ಕಂಡಿದೆ. ಚುಟುಕುಗಳಿಂದ ನಾಡಿಗೆಲ್ಲ ಪರಿಚಿತರಾದ ದಿನಕರ ದೇಸಾಯಿಯವರು ಆ ಒಕ್ಕಲುಗಳನ್ನು ಸಂಘಟಿಸಲು ಹೊರಟಾಗ ಅಂದಿನ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಅವರು ಹಿಂದಿರುಗಿ ಬಂದು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, ಶಾಲೆಗಳನ್ನು ತೆರೆದರು, 1967ರಲ್ಲಿ ಪಕ್ಷದ ಹಂಗಿಲ್ಲದೆ ಲೋಕಸಭೆಗೆ ಆರಿಸಿಬಂದರು. ಮುಂದೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉತ್ತ ಗದ್ದೆಗೆ ಒಡೆಯರಾದವರ ಸಂತೋಷ ಸಾಮಾನ್ಯವಾದದ್ದಲ್ಲ. ಅಂಥ ಕೆಲಸ ಪ್ರಾರ್ಥನೆಯಿಂದ ಮಾತ್ರ ಆಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಕಾಯಿದೆ ಬೇಕು, ಅದನ್ನು ಮಾಡುವ ಸಭೆ ಬೇಕು, ಸಭೆಗೆ ಹೋಗುವವರನ್ನು ಆರಿಸುವ ನಾವೂ ಬೇಕು.

ಆದರೆ ಬೇಕು ಎನ್ನುವುದಕ್ಕೂ ಸಾಕು ಎನ್ನುವುದಕ್ಕೂ ನಡುವೆ ಅಂತರವಿದೆ. ನನ್ನ ಪರಿಚಯದ ಹಿರಿಯರೊಬ್ಬರು, ನಮ್ಮ ಇಗರ್ಜಿಯವರೇ, ತಮ್ಮ ಯೌವನವನ್ನೆಲ್ಲ ಒಂದು ಪಕ್ಷಕ್ಕೆ ಧಾರೆ ಎರೆದಿದ್ದರು. 1975ರ ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. 1977ರ ಮಾರ್ಚಿನಲ್ಲಿ ದೆಹಲಿಯ ಗದ್ದುಗೆ ಬದಲಾದಾಗ ಅವರು ಊರಿಗೆಲ್ಲ ಸಿಹಿ ಹಂಚಿದ್ದನ್ನು ಕಂಡವರಿದ್ದಾರೆ. 1979ರ ಜುಲೈಯಲ್ಲಿ ಆ ಸರಕಾರ ಒಳಜಗಳದಿಂದಲೇ ಕುಸಿದುಬಿತ್ತು. ಅಂದಿನಿಂದ ಎರಡು ವರ್ಷ ಅವರು ಪತ್ರಿಕೆಯನ್ನೇ ಮುಟ್ಟಲಿಲ್ಲ. ಅವರನ್ನು ಕುಗ್ಗಿಸಿದ್ದು ಶತ್ರುವಿನ ಗೆಲುವಲ್ಲ, ತಮ್ಮವರ ಗೆಲುವು ಎಂಬುದನ್ನು ಗಮನಿಸಬೇಕು. ಸೆರೆಮನೆಯ ಕಂಬಿಗಳ ಹಿಂದೆ ಬತ್ತದಿದ್ದ ಮನಸ್ಸು ಅಧಿಕಾರ ಸಿಕ್ಕ ಎರಡೇ ವರ್ಷಗಳಲ್ಲಿ ಬತ್ತಿತು. ತರುವಾಯ ಅವರು ಆಸ್ಪತ್ರೆಗಳಲ್ಲಿ ದಿಕ್ಕಿಲ್ಲದೆ ಮಲಗಿದವರ ಬಳಿ ಹೋಗಿ ಕುಳಿತುಕೊಳ್ಳುವ ಅಭ್ಯಾಸ ಹಿಡಿದರು. ಮತದಾನದ ದಿನ ಬೆಳಿಗ್ಗೆ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಒಮ್ಮೆ ನಾನು ಕಾರಣ ಕೇಳಿದಾಗ, ಕೈ ತೊಳೆದುಕೊಳ್ಳುವುದು ಪಿಲಾತನ ಕೆಲಸ ಎಂದಷ್ಟೇ ಹೇಳಿ ಮುಂದೆ ನಡೆದರು.

ಅವರ ಬದುಕಿನ ಈ ತಿರುವನ್ನು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಮೂರು ಶತಮಾನಗಳಾಚೆ ಇದೇ ಕರಾವಳಿಯಲ್ಲಿ ಓಡಾಡಿದ ಒಬ್ಬ ಪಾದ್ರಿಯ ಕಡೆಗೆ ಹೋಗುತ್ತದೆ. ಅವರ ವಿಷಯಕ್ಕೆ ಬರುವ ಮುನ್ನ ಶಿರಾಲಿಯ ವಿಷಯವನ್ನು ಹೇಳಬೇಕು. ಭಟ್ಕಳ ತಾಲೂಕಿನ ಈ ಊರನ್ನು ಹೊರಗಿನವರು ಅರಿತಿರುವುದು ಚಿತ್ರಾಪುರ ಮಠದಿಂದ. ಆ ಗುರುಪರಂಪರೆ ಆರಂಭವಾದದ್ದು 1708ರಲ್ಲಿ, ಗೋಕರ್ಣದಲ್ಲಿ. 1757ರಲ್ಲಿ ಒಂದನೆಯ ಶಂಕರಾಶ್ರಮ ಸ್ವಾಮಿಗಳ ಸಮಾಧಿಯಾದದ್ದು ಶಿರಾಲಿಯಲ್ಲಿ. ಮಠದ ಬೀದಿಯಲ್ಲಿ ಕೇಳಿಬರುವುದೂ ಕೊಂಕಣಿ, ನಮ್ಮ ಮನೆಯಲ್ಲಿ ಕೇಳಿಬರುವುದೂ ಕೊಂಕಣಿ. ಉಚ್ಚಾರದಲ್ಲಿ ತುಸು ಭೇದವಿದೆ, ಅಷ್ಟೆ. ಗೋವೆಯ ಭಾಷೆ ಹೊನ್ನಾವರ ಭಟ್ಕಳಗಳ ತೆಂಗಿನ ತೋಟಗಳಿಗೆ ಬಂದದ್ದು ಹೇಗೆ?

ಬಂದವರೆಲ್ಲ ಒಂದೇ ಸಲ ಒಂದೇ ಕಾರಣಕ್ಕೆ ಬಂದವರಲ್ಲ. ವ್ಯಾಪಾರಕ್ಕೆ ಬಂದವರುಂಟು, ಬರಗಾಲಕ್ಕೆ ಅಂಜಿ ಬಂದವರುಂಟು. ಆದರೆ ದೊಡ್ಡ ಕಾರಣವೊಂದನ್ನು ಮುಚ್ಚಿಡಲಾಗದು. ಹದಿನಾರನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಸ್ ದೊರೆತನ ಶಿಲುಬೆಯನ್ನೂ ಖಡ್ಗವನ್ನೂ ಒಂದೇ ಕೈಯಲ್ಲಿ ಹಿಡಿಯಿತು. ದೇವಸ್ಥಾನಗಳು ಬಿದ್ದವು, 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನ ಅಲ್ಲಿ ನೆಲೆಗೊಂಡಿತು. ದೇವರನ್ನು ಹೊತ್ತುಕೊಂಡು ಹೊಳೆ ದಾಟಿದ ಮನೆತನಗಳು ದಕ್ಷಿಣಕ್ಕೆ ಬಂದವು. ಅಷ್ಟೇ ಅಲ್ಲ, ಮತಾಂತರಗೊಂಡು ಅಲ್ಲಿಯೇ ಉಳಿದವರ ಮಕ್ಕಳು ಮೊಮ್ಮಕ್ಕಳು ಕೂಡ ಬಂದರು. ಮನೆಯ ಮುಂದೆ ತುಳಸಿ ಇದೆಯೇ, ಮದುವೆಯಲ್ಲಿ ಹಳೆಯ ಶಾಸ್ತ್ರ ನಡೆಯಿತೇ ಎಂದು ಇಣುಕುವ ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಕ್ರೈಸ್ತರೂ ಓಡಿಬಂದರು. ಅವರಿಬ್ಬರಿಗೂ ಆಶ್ರಯ ಕೊಟ್ಟದ್ದು ಶೈವರಾದ ಕೆಳದಿಯ ಅರಸರು. ಕ್ರಿಸ್ತನ ಹೆಸರಿನಲ್ಲಿ ಆಳುತ್ತಿದ್ದ ಅರಸನಿಂದ ತಪ್ಪಿಸಿಕೊಂಡು ಕ್ರೈಸ್ತನೊಬ್ಬ ಲಿಂಗಧಾರಿಯಾದ ಅರಸನ ನೆರಳಿನಲ್ಲಿ ನಿರಾತಂಕವಾಗಿ ಜಪಮಾಲೆ ಎಣಿಸಿದ ಎಂಬುದನ್ನು ನಮ್ಮ ಮಕ್ಕಳ ಪಠ್ಯಪುಸ್ತಕಗಳು ಹೇಳುವುದು ಕಡಿಮೆ.

ಈ ಹಿನ್ನೆಲೆಯಲ್ಲಿ ಜೋಸೆಫ್ ವಾಜ್ ಎಂಬ ಪಾದ್ರಿಯನ್ನು ನೋಡಬೇಕು. ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಸಷ್ಟಿ ಪ್ರಾಂತದ ಬಾಣಾವಳಿಯಲ್ಲಿ. ಕೊಂಕಣಿ ಮನೆಮಾತಿನ ಬ್ರಾಹ್ಮಣ ಮೂಲದ ಕುಟುಂಬ. 1676ರಲ್ಲಿ ಪಾದ್ರಿಯಾದರು. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕನ್ನಡ ಜಿಲ್ಲೆಗೆ, ಅಂದರೆ ನಮ್ಮ ಈ ಕರಾವಳಿಗೆ ಕಳುಹಿಸಿದರು. ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಅದಕ್ಕೆ ಕಾಲು ಶತಮಾನ ಮೊದಲೇ ಶಿವಪ್ಪನಾಯಕ ಕಿತ್ತುಕೊಂಡಿದ್ದ. ಬಿದನೂರಿನಲ್ಲಿ ಆಗ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದಳು. ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು 1678ರಲ್ಲಿ ಅವಳ ಅಪ್ಪಣೆ ದೊರೆತಿತ್ತು. ಪೋರ್ಚುಗೀಸ್ ಕೋಟೆಗಳಿದ್ದಾಗ ಗೋಡೆಯೊಳಗೆ ನಡೆಯುತ್ತಿದ್ದ ಪೂಜೆ ಇನ್ನು ಗೋಡೆಯಿಲ್ಲದೆ ನಡೆಯಬೇಕಾಗಿತ್ತು.

ಅವರಿಗೆ ಇಲ್ಲಿ ಎದುರಾದದ್ದು ಪರಧರ್ಮದವರ ಹಗೆಯಲ್ಲ. ಕ್ರೈಸ್ತರ ಒಳಗಿನದೇ ರಾಜಕಾರಣ. ಪೂರ್ವದೇಶಗಳಲ್ಲಿ ಬಿಷಪರನ್ನು ನೇಮಿಸುವ ಹಕ್ಕು ತನ್ನದೆಂದು ಪೋರ್ಚುಗಲ್ಲಿನ ಅರಸ ಹೇಳುತ್ತಿದ್ದ. ಅದಕ್ಕೆ ಪದ್ರುವಾದೊ ಎಂದು ಹೆಸರು. ಅರಸನ ಹಂಗಿಲ್ಲದೆ ನೇರವಾಗಿ ನೇಮಿಸುತ್ತೇನೆಂದು ರೋಮಾಪುರಿ ಹೇಳುತ್ತಿತ್ತು; ಅದರ ಕಚೇರಿಯ ಹೆಸರು ಪ್ರೊಪಗಾಂದಾ. ರೋಮಿನಿಂದ ನೇಮಕಗೊಂಡ ಥಾಮಸ್ ದ ಕಾಸ್ತ್ರೊ ಎಂಬ ಬಿಷಪರು ಮಂಗಳೂರಿನಲ್ಲಿ ಕುಳಿತಿದ್ದರು. ಅವರೂ ಗೋವೆಯ ನೆಲದಲ್ಲಿ ಹುಟ್ಟಿದವರೇ. ಗೋವೆಯವರು ಅವರನ್ನು ಒಪ್ಪಲಿಲ್ಲ. ಹೀಗಾಗಿ ಒಂದೇ ಊರಿನಲ್ಲಿ ಒಂದು ಪಕ್ಷದ ಪಾದ್ರಿಯಿಂದ ದೀಕ್ಷಾಸ್ನಾನ ಪಡೆದ ಮಗುವನ್ನು ಇನ್ನೊಂದು ಪಕ್ಷದವರು ಸಂಶಯದಿಂದ ನೋಡುವ ಸ್ಥಿತಿ ಬಂದಿತ್ತು. ಸಾಯುವವನ ಹಾಸಿಗೆಯ ಬಳಿಗೂ ಈ ವ್ಯಾಜ್ಯ ಹೋಗಿ ನಿಲ್ಲುತ್ತಿತ್ತು. ವಾಜರು ನಿಷ್ಪಕ್ಷಪಾತಿಯಾಗಿ ಬಂದವರೆಂದು ನಾನು ಹೇಳಲಾರೆ. ಅವರನ್ನು ಕಳುಹಿಸಿದ್ದು ಗೋವೆಯ ಪಕ್ಷವೇ, ಅವರ ಕೈಯಲ್ಲಿದ್ದದ್ದು ಗೋವೆಯ ಅಧಿಕಾರಪತ್ರವೇ. ಆದರೆ ಬಂದವರು ಬಿಷಪರನ್ನು ಹೋಗಿ ಕಂಡು ರಾಜಿಯ ದಾರಿ ಹುಡುಕಿದರು. ಎರಡೂ ಕಡೆಯ ಜನರ ಮನೆಗೆ ಹೋದರು. ಬರಿಗಾಲಿನಲ್ಲಿ ನಡೆದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿ ಕಡೆಯ ಸಭೆಗಳನ್ನು ಮತ್ತೆ ಕಟ್ಟಿದವರೆಂದು ಅವರ ಹೆಸರು ಹೇಳುತ್ತಾರೆ. ಹೊನ್ನಾವರದಿಂದ ಗಂಗೊಳ್ಳಿಗೆ ನೆಲದ ದಾರಿಯಲ್ಲಿ ಹೋದವನು ನಮ್ಮ ಶಿರಾಲಿಯ ಹೊಳೆಯನ್ನು ದಾಟದೆ ಹೋಗುವಂತಿಲ್ಲ. ಮಂಗಳೂರಿನ ಆಚೆ ಮುಡಿಪಿನ ಗುಡ್ಡದಲ್ಲಿ ಅವರು ಮೊಣಕಾಲೂರಿದ ಕಡೆ ನೀರು ಚಿಮ್ಮಿತೆಂಬ ಐತಿಹ್ಯವಿದೆ. ಈಗಲೂ ಜನ ಅಲ್ಲಿಗೆ ಯಾತ್ರೆ ಹೋಗುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿ ಮುಂದೆ ಹೋಗುತ್ತೇನೆ.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಅದೇ ವರ್ಷ ಗೋವೆಯ ವೈಸರಾಯ್ ಒಂದು ಆಜ್ಞೆ ಹೊರಡಿಸಿದ: ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕು. ಆಜ್ಞೆಯ ಗತಿ ಏನಾಯಿತೆಂದು ತಿಳಿಯಬೇಕಾದವರು ಒಂದು ಸಾಯಂಕಾಲ ಶಿರಾಲಿಯ ಮೀನುಪೇಟೆಗೆ ಬಂದರೆ ಸಾಕು. ಆ ಕಾಲದಲ್ಲಿ ಯುರೋಪಿನ ಸನ್ಯಾಸಿ ಸಂಘಗಳು ದೇಶೀಯರನ್ನು ಒಳಗೆ ಸೇರಿಸುತ್ತಿರಲಿಲ್ಲ. ವಾಜರೂ ಅವರ ಕೆಲವು ಗೆಳೆಯರೂ 1685ರಲ್ಲಿ ಗೋವೆಯಲ್ಲಿ ಓರಟೋರಿಯನ್ ಸಂಘವನ್ನು ಬಲಪಡಿಸಿದರು. ಅದರಲ್ಲಿದ್ದವರೆಲ್ಲ ನಮ್ಮ ಜನರೇ. ಅರಸನ ಬೊಕ್ಕಸದ ಬೆಂಬಲವಿಲ್ಲದ, ಬಿಳಿಯರ ಮೇಲ್ವಿಚಾರಣೆಯಿಲ್ಲದ ಸಂಘ.

ಇನ್ನು ಲಂಕೆಯ ಕಥೆ. ಒಂದೂವರೆ ಶತಮಾನ ಲಂಕೆಯ ಕರಾವಳಿಯಲ್ಲಿ ಪೋರ್ಚುಗೀಸರ ಮಾತೇ ನಡೆದಿತ್ತು. ಅವರ ಫಿರಂಗಿಗಳ ನೆರಳಿನಲ್ಲಿ ಇಗರ್ಜಿಗಳೆದ್ದವು. ಎಷ್ಟೋ ಜನ ಭಕ್ತಿಯಿಂದ, ಎಷ್ಟೋ ಜನ ಅನುಕೂಲ ನೋಡಿ ಸೇರಿದರು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾದವು. ಡಚ್ಚರು ಪ್ರಾಟೆಸ್ಟಂಟರು. ಅವರಿಗೆ ರೋಮಿನ ಪಾದ್ರಿಯೆಂದರೆ ಪೋರ್ಚುಗಲ್ಲಿನ ಗೂಢಚಾರ. ಪಾದ್ರಿಗಳನ್ನು ಹೊರಗಟ್ಟಿದರು, ಮನೆಯಲ್ಲಿ ಅವರನ್ನಿಟ್ಟುಕೊಂಡವರಿಗೆ ಘೋರ ಶಿಕ್ಷೆ ಸಾರಿದರು. ಬಾವುಟ ಇಳಿದೊಡನೆ ಅನುಕೂಲಕ್ಕೆ ಬಂದವರು ಅನುಕೂಲಕ್ಕೇ ಹೋದರು. ಉಳಿದವರು ಸುಮಾರು ಮೂವತ್ತು ವರ್ಷ ಪಾದ್ರಿಯಿಲ್ಲದೆ, ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದರು.

ಅಲ್ಲಿಗೆ ವಾಜರು ಹೋದದ್ದು 1687ರಲ್ಲಿ, ಕೂಲಿಯವನ ವೇಷದಲ್ಲಿ. ಹಡಗುಪಡೆಯಿಲ್ಲ, ರಾಯಭಾರಪತ್ರವಿಲ್ಲ. ಜಾಫ್ನಾದ ದಡ ಮುಟ್ಟುವ ಹೊತ್ತಿಗೆ ಅತಿಸಾರದಿಂದ ಕುಸಿದಿದ್ದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುವುದು ಅವರು ಕಂಡುಕೊಂಡ ಉಪಾಯ. ಅದನ್ನು ನೋಡಿ ಯಾರ ಕಣ್ಣು ಅರಳುತ್ತದೆಯೋ ಅವರು ತಮ್ಮವರು. ಜಾಫ್ನಾದಲ್ಲಿ ಒಂದು ಕ್ರಿಸ್ಮಸ್ ಸಮಯದಲ್ಲಿ ಡಚ್ ಸೈನಿಕರು ಭಕ್ತರನ್ನು ಮುತ್ತಿ ಹಿಡಿದರು, ಪಾದ್ರಿ ಸಿಕ್ಕಲಿಲ್ಲ. 1692ರಲ್ಲಿ ಒಳನಾಡಿನ ಬೌದ್ಧ ರಾಜ್ಯವಾದ ಕ್ಯಾಂಡಿಗೆ ಹೋದಾಗ ಅಲ್ಲಿಯೂ ಪೋರ್ಚುಗೀಸರ ಬೇಹುಗಾರನೆಂದೇ ಅವರನ್ನು ಸೆರೆಹಿಡಿದರು. ಇದರಲ್ಲಿ ಅರಸನ ತಪ್ಪೇನಿದೆ? ಅಲ್ಲಿಯವರೆಗೆ ಆ ವೇಷದವರು ಬಂದದ್ದೆಲ್ಲ ಫಿರಂಗಿಯ ಮುಂದೆ ಅಥವಾ ಹಿಂದೆ. ಈ ಮನುಷ್ಯನ ಹಿಂದೆ ಏನೂ ಇಲ್ಲವೆಂದು ಮನವರಿಕೆಯಾಗಲು ಕಾಲ ಬೇಕಾಯಿತು. ಸೆರೆಯಲ್ಲೇ ಒಂದು ಗುಡಿಸಲು ಕಟ್ಟಿ ಪೂಜೆ ಮಾಡಿದರು, ಅಲ್ಲಿಯೇ ಸಿಂಹಳ ಕಲಿತರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಮನೆಯವರೇ ಬಿಟ್ಟು ಓಡಿದ ರೋಗಿಗಳನ್ನು ವಾಜರೂ ಅವರೊಡನಿದ್ದ ಸೋದರಳಿಯನೂ ತೊಳೆದು, ಉಣಿಸಿ, ಸತ್ತವರನ್ನು ಹೂಳಿದರು. ಯಾರ ಮತ ಯಾವುದೆಂದು ಕೇಳಲಿಲ್ಲ. ಎರಡನೆಯ ವಿಮಲಧರ್ಮಸೂರ್ಯ ಅರಸ ತಾನು ಬೌದ್ಧನಾಗಿಯೇ ಉಳಿದು ಅವರಿಗೆ ರಾಜ್ಯದಲ್ಲಿ ಓಡಾಡುವ ಸ್ವಾತಂತ್ರ್ಯ ಕೊಟ್ಟ. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಅವರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡರು.

ಇದನ್ನೆಲ್ಲ ಸಂತಚರಿತ್ರೆಯೆಂದು ಕೈಮುಗಿದು ಬಿಟ್ಟುಬಿಡುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವ ಮುಖ್ಯ ಸಂಗತಿ ಬೇರೆ. ವಾಜರು ಲಂಕೆಗೆ ಹೋದದ್ದು ತಮ್ಮ ಕಡೆಯವರು ಸಂಪೂರ್ಣವಾಗಿ ಸೋತ ಮೇಲೆ. ಕಳೆದುಕೊಂಡ ಕೋಟೆಗಳನ್ನು ಮರಳಿ ಪಡೆಯುವ ಯೋಚನೆ ಗೋವೆಯಲ್ಲಿ ಎಷ್ಟೋ ಮಂದಿಗಿತ್ತು. ಆ ಯೋಚನೆಯೇ ಅವರ ಭರವಸೆ, ಆ ಭರವಸೆ ಎಂದೂ ಈಡೇರಲಿಲ್ಲ. ವಾಜರ ಕೆಲಸಕ್ಕೆ ಕೋಟೆ ಬೇಕಾಗಿರಲಿಲ್ಲ. ರಾಜಕಾರಣದ ಆಸೆ ಸೋಲಿನಲ್ಲಿ ಮುಗಿಯುತ್ತದೆ, ಅಥವಾ ಮುಂದಿನ ಚುನಾವಣೆಗೆ ಮುಂದೂಡಲ್ಪಡುತ್ತದೆ. ಕ್ರೈಸ್ತ ನಿರೀಕ್ಷೆಯಾದರೋ ಹುಟ್ಟಿದ್ದೇ ಒಂದು ಸೋಲಿನ ಮರುದಿನಗಳಲ್ಲಿ, ನಾಯಕನನ್ನು ಶಿಲುಬೆಗೆ ಹಾಕಿ, ಗವಿಯ ಬಾಯಿಗೆ ಬಂಡೆ ಇಟ್ಟು, ಶಿಷ್ಯರು ಬಾಗಿಲು ಹಾಕಿಕೊಂಡು ನಡುಗುತ್ತಿದ್ದಾಗ. ಆದ್ದರಿಂದ ಅದಕ್ಕೆ ಸೋಲು ಹೊಸ ಸುದ್ದಿಯಲ್ಲ.

ಆ ಶುಕ್ರವಾರದ ಬೆಳಿಗ್ಗೆ ನಡೆದದ್ದು ಒಂದು ರೀತಿಯ ಮತದಾನವೇ ಎಂಬುದನ್ನೂ ನೆನೆಯಬೇಕು. ಪಿಲಾತನು ಜನರ ಮುಂದೆ ಇಬ್ಬರನ್ನು ಇಟ್ಟ. ಬರಬ್ಬನನ್ನು ನಾವು ಕಳ್ಳನೆಂದು ಮಕ್ಕಳಿಗೆ ಹೇಳಿಬಿಡುತ್ತೇವೆ. ಮಾರ್ಕನ ಸುವಾರ್ತೆಯನ್ನು ಗಮನವಿಟ್ಟು ಓದಿದರೆ ಅವನು ದಂಗೆಯೆದ್ದವರ ಜೊತೆ ಸೆರೆಸಿಕ್ಕವನು. ರೋಮಿನ ತೆರಿಗೆಯ ಭಾರ ಸುಳ್ಳಲ್ಲ, ಆ ಸೈನಿಕರ ದಬ್ಬಾಳಿಕೆ ಸುಳ್ಳಲ್ಲ. ಬರಬ್ಬನನ್ನು ಕೇಳಿದ ಗುಂಪು ಮೂರ್ಖರ ಗುಂಪೆಂದು ನನಗೆ ಅನ್ನಿಸುವುದಿಲ್ಲ. ಕಣ್ಣಿಗೆ ಕಾಣುವ ಬಿಡುಗಡೆ ಅವರಿಗೆ ಬೇಕಾಗಿತ್ತು. ಕ್ರಿ. ಶ. 70ರಲ್ಲಿ ಅದೇ ಬಿಡುಗಡೆಗಾಗಿ ಎದ್ದ ಯೆರೂಸಲೇಮನ್ನು ರೋಮಿನ ಸೈನ್ಯ ಸುಟ್ಟು ನೆಲಸಮ ಮಾಡಿತು. ಮುಂದೆ ರೋಮೂ ಅಳಿಯಿತು. ಯೇಸು ಪಿಲಾತನಿಗೆ ತನ್ನ ರಾಜ್ಯ ಈ ಲೋಕದ ರೀತಿಯದಲ್ಲವೆಂದು ಹೇಳಿದ್ದನ್ನು ಲೋಕದ ಗೊಡವೆ ಬೇಡವೆಂಬ ಅರ್ಥದಲ್ಲಿ ಹಿಡಿಯುವವರಿದ್ದಾರೆ. ಕ್ಯಾಂಡಿಯ ಸಿಡುಬಿನ ರೋಗಿಗಳು ಲೋಕದಲ್ಲೇ ಇದ್ದರಲ್ಲವೇ?

ನಮ್ಮ ಕರಾವಳಿಗೇ ಮರಳಿ ಬರುತ್ತೇನೆ. ವಾಜರು ಹೋದ ನೂರು ವರ್ಷಕ್ಕೆ, 1784ರಲ್ಲಿ, ಇಲ್ಲಿಯ ಕೊಂಕಣಿ ಕ್ರೈಸ್ತರನ್ನು ಟಿಪ್ಪು ಸುಲ್ತಾನ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಆ ವರ್ಷದ ವಿಭೂತಿ ಬುಧವಾರದಂದು ಅದು ಆರಂಭವಾಯಿತೆಂಬುದು ನಮ್ಮ ಜನರ ನೆನಪಿನಲ್ಲಿ ಇನ್ನೂ ಇದೆ. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರವೆಂಬುದರಲ್ಲಿ ಸಂಶಯವಿಲ್ಲ. ಇಗರ್ಜಿಗಳು ಕೆಡವಲ್ಪಟ್ಟವು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆಪಾದನೆ. ಮತದ್ವೇಷ ಎಷ್ಟು, ರಾಜಕೀಯ ಸಂಶಯ ಎಷ್ಟು ಎಂದು ವಿದ್ವಾಂಸರು ಈಗಲೂ ವಾದಿಸುತ್ತಾರೆ. ಆ ವಾದದಲ್ಲಿ ಪಕ್ಷ ವಹಿಸಲು ನಾನಿಲ್ಲಿ ಬಂದಿಲ್ಲ, ಇಂದಿನ ಚುನಾವಣೆಗಳಲ್ಲಿ ಆ ಕಥೆಯನ್ನು ಎಳೆದಾಡುವವರ ಜೊತೆ ಸೇರಲೂ ನನಗೆ ಮನಸ್ಸಿಲ್ಲ. ಹದಿನೈದು ವರ್ಷ ಪಾದ್ರಿಗಳಿಲ್ಲದೆ, ಇಗರ್ಜಿಯಿಲ್ಲದೆ, ಅರ್ಧಕ್ಕರ್ಧ ಜನ ದಾರಿಯಲ್ಲಿ ಸೆರೆಯಲ್ಲಿ ಅಳಿದ ಮೇಲೂ 1799ರ ನಂತರ ಉಳಿದವರು ಹಿಂದಿರುಗಿ ಹಳೆಯ ಅಡಿಪಾಯಗಳ ಮೇಲೆ ಗೋಡೆ ಎಬ್ಬಿಸಿದರು. ಅವರಿಗೆ ಯಾವ ಅರಸನೂ ಭರವಸೆ ಕೊಟ್ಟಿರಲಿಲ್ಲ. ಅಜ್ಜಿಯರು ಮಕ್ಕಳಿಗೆ ಕೊಂಕಣಿಯಲ್ಲಿ ಕಲಿಸಿದ ನಾಲ್ಕು ಪ್ರಾರ್ಥನೆಗಳಿದ್ದವು.

ಪ್ರಾಟೆಸ್ಟಂಟ್ ಬಂಧುಗಳ ಅನುಭವವೂ ಇದಕ್ಕೆ ದೂರವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಸಾಹಿತ್ಯ ಓದುವವರಿಗೆ ಹೇಳಬೇಕಾಗಿಲ್ಲ. 1914ರಲ್ಲಿ ಮಹಾಯುದ್ಧ ಬಂತು. ಕ್ರೈಸ್ತ ಇಂಗ್ಲೆಂಡ್ ಕ್ರೈಸ್ತ ಜರ್ಮನಿಯ ಪಾದ್ರಿಗಳನ್ನು ಶತ್ರುಗಳೆಂದು ಕೂಡಿಹಾಕಿತು. ಹಂಚಿನ ಕಾರ್ಖಾನೆಗಳೂ ನೇಯ್ಗೆಯ ಶಾಲೆಗಳೂ ಕೈಬಿಟ್ಟುಹೋದವು. ಹೋಗದೆ ಉಳಿದವರಲ್ಲಿ ಉತ್ತಂಗಿ ಚನ್ನಪ್ಪನವರು ಒಬ್ಬರು. ಸಭಾಪಾಲಕರಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಕ್ರಿಸ್ತನನ್ನು ನಂಬಲು ಇಂಗ್ಲಿಷರ ಟೋಪಿ ಅಗತ್ಯವಿಲ್ಲವೆಂಬುದಕ್ಕೆ ಆ ಖಾದಿಯ ಮನುಷ್ಯನಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ನಮ್ಮ ಕಾಲದ ಮಾತನ್ನು ಹೇಳಬೇಡವೇ ಎಂದು ನೀವು ಕೇಳಬಹುದು. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಉರಿದದ್ದನ್ನು ನಾವು ಕೆಲವೇ ಮೈಲಿ ದೂರದಿಂದ ನೋಡಿದ್ದೇವೆ. ದೇವರ ಹೆಸರನ್ನು ಮೆರವಣಿಗೆಯ ಘೋಷಣೆ ಮಾಡಿದಾಗ ಮೊದಲು ಮುಚ್ಚುವುದು ಬಡವನ ಅಂಗಡಿ. ಈಗ ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಗಳು ಮಠಕ್ಕೂ ಬರುತ್ತಾರೆ, ಮಸೀದಿಯ ಅಂಗಳಕ್ಕೂ ಬರುತ್ತಾರೆ, ಭಾನುವಾರ ನಮ್ಮ ಇಗರ್ಜಿಯ ಬಾಗಿಲಿಗೂ ಬರುತ್ತಾರೆ. ಬರಲಿ, ಕಾಫಿ ಕೊಡೋಣ. ಆದರೆ ಫಲಿತಾಂಶದ ದಿನ ನಮ್ಮ ಯುವಕರ ಮುಖ ನೋಡುವಾಗ ನನಗೆ ಕಳವಳವಾಗುತ್ತದೆ. ಗೆದ್ದರೆ ದೇವರಾಜ್ಯವೇ ಬಂದಿತೆಂಬ ಹಿಗ್ಗು. ಸೋತರೆ ಊರು ಬಿಟ್ಟು ಹೋಗಬೇಕೆಂಬಷ್ಟು ಭೀತಿ. ಇಂಥ ಒಬ್ಬ ಹುಡುಗನಿಗೆ ನಾನು ಲಂಕೆಯ ಇತ್ತೀಚಿನ ಇತಿಹಾಸವನ್ನು ಓದಲು ಹೇಳಿದೆ. ಅದನ್ನೇ ನಿಮಗೂ ಹೇಳಿ ಮುಗಿಸುತ್ತೇನೆ.

ಜೋಸೆಫ್ ವಾಜರನ್ನು ಸಂತರೆಂದು ಘೋಷಿಸಲು ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಕೊಲಂಬೊಗೆ ಬರುವುದೆಂದು ನಿಶ್ಚಯವಾಗಿತ್ತು. ಆಹ್ವಾನಿಸಿದ್ದವರು ಅಧ್ಯಕ್ಷ ಮಹಿಂದ ರಾಜಪಕ್ಸ. ಅವಧಿಗೆ ಮುನ್ನವೇ ಅವರು ಚುನಾವಣೆ ಘೋಷಿಸಿದರು. ಪೋಪರ ಚಿತ್ರದ ಪಕ್ಕದಲ್ಲಿ ಅವರ ಚಿತ್ರವಿದ್ದ ಫಲಕಗಳು ಬೀದಿಯಲ್ಲಿ ಕಾಣಿಸಿಕೊಂಡವು. ಪೋಪರನ್ನು ಪ್ರಚಾರಕ್ಕೆ ಬಳಸಬೇಡಿರೆಂದು ಅಲ್ಲಿಯ ಧರ್ಮಸಭೆ ಕೇಳಿಕೊಳ್ಳಬೇಕಾಯಿತು. ಜನವರಿ 8ರಂದು ಮತದಾನ ನಡೆದು ರಾಜಪಕ್ಸ ಸೋತರು. 13ರಂದು ಪೋಪ್ ಬಂದಿಳಿದಾಗ ಸ್ವಾಗತಿಸಿದವರು ಹೊಸ ಅಧ್ಯಕ್ಷರು. 14ರಂದು ಸಮುದ್ರ ದಂಡೆಯ ಬಯಲಿನಲ್ಲಿ ಲಕ್ಷಾಂತರ ಸಿಂಹಳರೂ ತಮಿಳರೂ ಒಟ್ಟಿಗೆ ನಿಂತು ಪೂಜೆ ಕೇಳಿದರು. ಮೂವತ್ತು ವರ್ಷದಷ್ಟು ಕಾಲ ಒಬ್ಬರನ್ನೊಬ್ಬರು ಕೊಂದ ಎರಡು ಜನಾಂಗಗಳು ಅವು.

2019ರಲ್ಲಿ ಈಸ್ಟರ್ ಹಬ್ಬ ಬಿದ್ದದ್ದು ಏಪ್ರಿಲ್ 21ಕ್ಕೆ, ಅಂದರೆ ವಾಜರು ಹುಟ್ಟಿದ ದಿನಕ್ಕೆ. ಆ ಬೆಳಿಗ್ಗೆ ಲಂಕೆಯ ಮೂರು ಇಗರ್ಜಿಗಳಲ್ಲೂ ಹೋಟೆಲುಗಳಲ್ಲೂ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿಯ ಮತದಾನ ಮುಗಿಸಿ ನಾಲ್ಕು ದಿನದ ವಿಶ್ರಾಂತಿಗೆಂದು ಹೋಗಿದ್ದ ನಮ್ಮ ಕರ್ನಾಟಕದ ಕೆಲವು ಪಕ್ಷದ ಕಾರ್ಯಕರ್ತರೂ ಅಲ್ಲಿ ಪ್ರಾಣ ಕಳೆದುಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ದೇಶವನ್ನು ಕಾಪಾಡುತ್ತೇನೆಂಬ ಭರವಸೆಯ ಮೇಲೆ ಗೋಟಬಯ ರಾಜಪಕ್ಸ ಭಾರೀ ಬಹುಮತದಿಂದ ಅಧ್ಯಕ್ಷರಾದರು. 2022ರ ಜುಲೈಯಲ್ಲಿ ಎಣ್ಣೆಯಿಲ್ಲದ, ಔಷಧಿಯಿಲ್ಲದ ಜನ ಅರಮನೆಗೆ ನುಗ್ಗಿದಾಗ ಅವರು ರಾತ್ರೋರಾತ್ರಿ ದೇಶ ಬಿಟ್ಟು ಹೋದರು. ಮುನ್ನೆಚ್ಚರಿಕೆ ಸಿಕ್ಕಿಯೂ ಬಾಂಬು ದಾಳಿಯನ್ನು ತಡೆಯದಿದ್ದವರು ನೊಂದವರಿಗೆ ಪರಿಹಾರ ಕೊಡಬೇಕೆಂದು 2023ರ ಜನವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದನ್ನು ಪಟ್ಟುಹಿಡಿದು ಕೇಳಿದವರಲ್ಲಿ ಕೊಲಂಬೊದ ಕಾರ್ಡಿನಲರೂ ಇದ್ದರು. ದಾಳಿಯ ದಿನಗಳಲ್ಲಿ ಪ್ರತೀಕಾರ ಬೇಡವೆಂದು ಜನರನ್ನು ತಡೆದವರೂ ಅವರೇ.

ಬಾಂಬಿಗೆ ತುತ್ತಾದ ಇಗರ್ಜಿಗಳಲ್ಲಿ ಕೊಲಂಬೊದ ಕೊಚ್ಚಿಕಡೆಯಲ್ಲಿರುವ ಸಂತ ಅಂತೋನಿಯವರದೂ ಒಂದು. ಅದರ ಮೂಲವನ್ನು ಡಚ್ಚರ ಕಾಲದಲ್ಲಿ ವ್ಯಾಪಾರಿಯ ವೇಷದಲ್ಲಿ ಬಂದ, ವಾಜರ ಸಂಘಕ್ಕೇ ಸೇರಿದ ಒಬ್ಬ ಪಾದ್ರಿಗೆ ಹೇಳುತ್ತಾರೆ. ಸೀಳಿಹೋಗಿದ್ದ ಮಾಡನ್ನು ಸರಿಪಡಿಸಿ ಅದೇ ವರ್ಷದ ಜೂನ್ ತಿಂಗಳಲ್ಲಿ ಬಾಗಿಲು ತೆರೆದರು. ಮಂಗಳವಾರಗಳಲ್ಲಿ ಅಲ್ಲಿ ಹಿಂದಿನಂತೆಯೇ ಹಿಂದೂಗಳೂ ಬೌದ್ಧರೂ ಕ್ರೈಸ್ತರೂ ಮೇಣದಬತ್ತಿ ಹಿಡಿದು ಸಾಲುಗಟ್ಟುತ್ತಾರೆ. ವಾಜರನ್ನು ಹೂಳಿದ ಜಾಗ ಕ್ಯಾಂಡಿಯಲ್ಲಿ ಎಲ್ಲಿದೆಯೆಂದು ಇಂದಿಗೂ ಪತ್ತೆಯಾಗಿಲ್ಲ. ಜನವರಿ 16ರಂದು ಅವರ ಹಬ್ಬ. ಶಿರಾಲಿಯಿಂದ ನಮ್ಮಲ್ಲಿ ಕೆಲವರು ಅಂದು ಬೆಳಗಿನ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೋಗುತ್ತೇವೆ.